ಕೋಳಿಗೂಡಿಗೊಂದು ಕೋಟು

ಕಥೆಗಳೆಲ್ಲ ರಾಜನಿಂದ ಶುರುವಾಗುತ್ತವೆ. ಇದು ಯಜಮಾನನಿಂದ ಶುರುವಾಗಲಿ.

ಯಜಮಾನ ಅಂದರೆ ಹುಂಜ. ನೆತ್ತಿಯ ಮೇಲೆ ಕೆಂಪು ಜುಟ್ಟು ಹೊತ್ತುಕೊಂಡು, ತಾನು ಕೂಗಿದರೇ ಲೋಕಕ್ಕೆ ಬೆಳಗಾಗುವುದು ಎಂದು ನಂಬಿಕೊಂಡು, ಆ ಮನೆಯ ಹಿತ್ತಿಲನ್ನು ಆಳುತ್ತಿದ್ದವನು. ಹೆಸರಿಟ್ಟವರು ಅತ್ತೆ. "ಯಜಮಾನ್ರೇ, ಅಲ್ಲೆಲ್ಲಾ ಗಲೀಜು ಮಾಡ್ಬೇಡಿ" ಎಂದು ಅತ್ತೆ ಹಿತ್ತಿಲಲ್ಲಿ ನಿಂತು ಕೂಗಿದರೆ ಹುಂಜವೂ ಕತ್ತು ತಿರುಗಿಸುತ್ತಿತ್ತು, ಒಳಗೆ ಯಾರದೋ ವಾಚು ಬಿಚ್ಚಿ ಕೂತಿರುತ್ತಿದ್ದ ಮಾವನೂ ತಲೆ ಎತ್ತುತ್ತಿದ್ದರು. ಹೇಳಿದ್ದು ಯಾರಿಗೆ ಎಂದು ಅತ್ತೆ ಒಂದು ದಿನವೂ ಬಿಡಿಸಿ ಹೇಳಿದವರಲ್ಲ.

ಹೇಂಟೆಗಳ ಹೆಸರುಗಳೂ ಹಾಗೆಯೇ. ಎಲ್ಲಕ್ಕಿಂತ ಹಳೆಯದು, ಬೂದು ಬಣ್ಣದ ದಪ್ಪ ಹೇಂಟೆ, ದೊಡ್ಡ ನಾದಿನಿ. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವ ಕಂದು ಹೇಂಟೆ ಚಿಕ್ಕ ನಾದಿನಿ. ಮೊಟ್ಟೆಯಿಟ್ಟು ಊರಿಗೆಲ್ಲ ಸಾರುವ ಬಿಳಿಯದು ಓರಗಿತ್ತಿ. "ನೆಂಟರನ್ನ ಎದುರಿಗೆ ಬೈಯೋಕಾಗುತ್ತಾ? ಇಲ್ಲಿ ಬೈಕೊಂಡ್ರೆ ಹೊಟ್ಟೆ ಹಗುರ ಆಗುತ್ತೆ" ಎಂದು ಅತ್ತೆ ಸೊಸೆಗೆ ಗುಟ್ಟು ಹೇಳಿದ್ದರು. ಗುಟ್ಟೇನಲ್ಲ, ಮಾವನಿಗೂ ಗೊತ್ತಿತ್ತು. ತಮ್ಮ ಅಕ್ಕನ ಹೆಸರು ಹೊತ್ತ ಕೋಳಿಯನ್ನು ಅವರು ದೂರದಿಂದ ಸ್ವಲ್ಪ ಭಯಭಕ್ತಿಯಿಂದಲೇ ನೋಡುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ, ಅತ್ತೆ ಏಳಲಿಲ್ಲ. ನೆಂಟರಿಷ್ಟರು ಬಂದರು, ಹೋದರು. ಲಾರಿ ಓಡಿಸುವ ಮಗ ಕೆಲವು ದಿನ ಮನೆಯಲ್ಲಿದ್ದು ಮತ್ತೆ ಲೋಡು ಹೊತ್ತು ದೂರದ ದಾರಿ ಹಿಡಿದ. ಮನೆಯಲ್ಲಿ ಉಳಿದದ್ದು ಗಡಿಯಾರ ರಿಪೇರಿಯ ಮಾವ, ಬಟ್ಟೆ ಹೊಲಿಯುವ ಸೊಸೆ, ಹಿತ್ತಿಲ ತುಂಬ ನೆಂಟರು.

ಮಾವ ತಮ್ಮ ಕೋಣೆಯ ಕಿಟಕಿ ಮುಚ್ಚಿದರು. ಹಿತ್ತಿಲ ಜಗಲಿಯ ಕಡೆಗೊಂದು ಗವಾಕ್ಷಿಯಿತ್ತು. ಅದಕ್ಕೂ ಹಳೇ ಟವೆಲ್ಲು ತುರುಕಿದರು. ಕೋಳಿ ಕೂಗಿದರೆ, ಅದರ ಬೆನ್ನಿಗೇ ಬರಬೇಕಾದ ಇನ್ನೊಂದು ದನಿಗೆ ಕಿವಿ ಕಾದು ನಿಲ್ಲುತ್ತಿತ್ತು. ಆ ದನಿ ಬರುತ್ತಿರಲಿಲ್ಲ. ಕೇಳದಿರುವುದೇ ಮೇಲು ಎನಿಸಿರಬೇಕು. ಬೆಳಗಿನಿಂದ ಸಂಜೆಯವರೆಗೆ ಮೇಜಿನ ದೀಪದಡಿ ಬಗ್ಗಿ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ಹಿತ್ತಿಲಿಗೆ ಮಾತ್ರ ಕಾಲಿಡಲಿಲ್ಲ.

ಚಳಿಗಾಲದಲ್ಲಿ ನೀರೂ ಹೆಪ್ಪುಗಟ್ಟುವ ಬೆಟ್ಟದೂರು ಅದು. ಆ ವರ್ಷ ಮೊದಲ ಸಲ ಹಲ್ಲು ಕಟಕಟಿಸುವಂಥ ಚಳಿ ಬಿದ್ದ ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಹೇಳಿದರು:

"ನೋಡಮ್ಮ, ಚಳಿ ಜಾಸ್ತಿ ಆಗೋಕೆ ಮುಂಚೆ ಕೋಳಿಗಳನ್ನ ಮಾಂಸದ ಅಂಗಡಿಗೆ ಕೊಟ್ಬಿಡೋಣ."

ಸೊಸೆ ತೊಳೆಯುತ್ತಿದ್ದ ಲೋಟ ಕೆಳಗಿಟ್ಟಳು. "ಮಾವ, ಅತ್ತೆಯವರ ಕೋಳಿಗಳು."

"ಅದಕ್ಕೇ ಹೇಳ್ತಿರೋದು."

"ಈ ಚಳಿಗಾಲ ಒಂದು ನಾನು ನೋಡ್ಕೋತೀನಿ. ನಿಮಗೇನೂ ತೊಂದ್ರೆ ಕೊಡಲ್ಲ. ಒಂದು ಗರಿ ಕೂಡ ಒಳಗೆ ಬರಲ್ಲ."

"ಸರಿ. ಆದ್ರೆ ಒಂದು ಸತ್ತರೂ ಉಳಿದವನ್ನೆಲ್ಲ ಅವತ್ತೇ ಕೊಟ್ಬಿಡ್ತೀನಿ. ಈ ಮನೇಲಿ ಇನ್ನೊಂದು ಸಾವು ನೋಡೋಕೆ ನನ್ನ ಕೈಲಿ ಆಗಲ್ಲ." ಅಷ್ಟು ಹೇಳಿ ಮಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಫೋನಿನಲ್ಲಿ ಗಂಡನಿಗೆ ಹೇಳಿದರೆ, "ಅಪ್ಪನ ಮಾತು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ. ಕೋಳಿಗೋಸ್ಕರ ಹಠ ಹಿಡೀಬೇಡ ಮಾರಾಯ್ತಿ" ಎಂದ.

ಹಠ ಕೋಳಿಗೋಸ್ಕರ ಮಾತ್ರ ಆಗಿದ್ದರೆ ಬಿಡಬಹುದಿತ್ತು. ಸೊಸೆ ಆ ಮನೆಗೆ ಬಂದಾಗ ಬಾಯಿಗೆ ಬೀಗ ಹಾಕಿಕೊಂಡು ಬಂದವಳು. ಯಾರ ಹತ್ತಿರ ಏನು ಮಾತಾಡಬೇಕು ಎಂದು ತಿಳಿಯದೆ ದಿನವಿಡೀ ಹಿತ್ತಿಲ ಜಗಲಿಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾ ಕೂರುತ್ತಿದ್ದಳು. ಅತ್ತೆ ಒಂದು ಮಧ್ಯಾಹ್ನ ಕೋಳಿಗಳಿಗೆ ಜೋಳ ಎರಚುತ್ತಾ ಪಕ್ಕದಲ್ಲಿ ಕೂತು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಒಂದು ಕಥೆ ಶುರು ಮಾಡಿದರು. ಕೇಳಬೇಕೆಂದು ಕೋಳಿಗಳು ಸುತ್ತ ನೆರೆದವು. ಸೊಸೆಯೂ ಅವುಗಳಲ್ಲಿ ಒಬ್ಬಳಾದಳು. ಆಮೇಲೆ ದಿನಾ ಕಥೆ. ಬಾವಿಗೆ ಬಿದ್ದ ಚಂದ್ರ, ಸೂಜಿಯ ಕಣ್ಣಲ್ಲಿ ಮನೆ ಕಟ್ಟಿದ ಇರುವೆ, ಗಾಳಿಯನ್ನು ಮದುವೆಯಾದ ಹುಡುಗಿ. ತೊಂದರೆ ಒಂದೇ. ಹೊಲಿಗೆ ನಿಲ್ಲಿಸುವ ಹಾಗಿಲ್ಲ, ಮೆಷಿನ್ನಿನ ಗಡಗಡ ನಿಲ್ಲುವ ಹಾಗಿಲ್ಲ. ಅರ್ಧ ಕಥೆ ಅವಳ ಕಿವಿಗೆ, ಅರ್ಧ ಕಥೆ ಮೆಷಿನ್ನಿನ ಹೊಟ್ಟೆಗೆ. ನಾಳೆ ಕೇಳಿದರಾಯಿತು ಎಂದು ಬಿಟ್ಟದ್ದೆಲ್ಲ ಹಾಗೇ ಉಳಿಯಿತು.

ಈಗ ಅತ್ತೆಯ ದನಿಯನ್ನು ತನ್ನಷ್ಟೇ ಕೇಳಿದವರು ಅಂದರೆ ಈ ಕೋಳಿಗಳು. ಅವೂ ಹೋದರೆ ಆ ಜಗಲಿಯಲ್ಲಿ ತಾನೊಬ್ಬಳೇ ಆಗುತ್ತೇನೆ ಎಂದು ಅವಳಿಗೆ ದಿಗಿಲು.

ಹೀಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೆಳಿಗ್ಗೆ ನೀರಿನ ಬಟ್ಟಲಲ್ಲಿ ಮಂಜುಗಡ್ಡೆ ತಟ್ಟೆಯ ಹಾಗೆ ಕೂತಿರುತ್ತಿತ್ತು; ಅದನ್ನು ಬಡಿದು ತೆಗೆದು ಬೆಚ್ಚಗಿನ ನೀರು ಹಾಕುತ್ತಿದ್ದಳು. ಸಂಜೆ ಗೂಡು ಸೇರುವ ಮುಂಚೆ ಹೊಟ್ಟೆ ತುಂಬ ಜೋಳ. ಮೊಟ್ಟೆ ತಡವಾಗಿ ಎತ್ತಿದರೆ ಚಳಿಗೆ ಬಿರಿದುಹೋಗುತ್ತಿತ್ತು. ಓರಗಿತ್ತಿ ಕೂಗು ಹಾಕಿದ ಕೂಡಲೇ ಹೊಲಿಯುತ್ತಿದ್ದ ರವಿಕೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಓಡುತ್ತಿದ್ದಳು.

ಆದರೂ ಚಳಿ ದಿನದಿಂದ ದಿನಕ್ಕೆ ಏರಿತು. ಆಗ ಅವಳಿಗೆ ಅತ್ತೆ ಹೇಳಿದ್ದ ಚಳಿರಾಯನ ಕಥೆ ನೆನಪಾಯಿತು. ಚಳಿರಾಯ ಬಿಳಿ ಗಡ್ಡ ನೆಲಕ್ಕೆ ಎಳೆದುಕೊಂಡು ಮನೆಮನೆಯ ಬಾಗಿಲು ತಟ್ಟುತ್ತಾ ಬರುತ್ತಾನೆ. ಸಂದಿಯೊಂದು ಕಂಡರೆ ಸಾಕು, ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಇಡೀ ಮೈಯನ್ನೇ ತೂರಿಸಿ ಒಳಗೆ ಬಂದು ಕೂತುಬಿಡುತ್ತಾನೆ. ಅಲ್ಲಿಯವರೆಗೆ ಚೆನ್ನಾಗಿ ನೆನಪಿತ್ತು. ಮುಂದಿನದನ್ನು ಮೆಷಿನ್ ನುಂಗಿತ್ತು.

ಅಷ್ಟೇ ಸಾಕಲ್ಲ ಎಂದುಕೊಂಡಳು. ಸಂದಿ ಇರಬಾರದು, ಅಷ್ಟೇ ತಾನೇ? ಸಂದಿ ಮುಚ್ಚುವುದು ಟೈಲರಿಗೆ ಯಾವ ಮಹಾ ಕೆಲಸ?

ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದಳು. ಗೂಡಿನ ಎದೆ ಸುತ್ತಳತೆ, ಸೊಂಟದ ಅಳತೆ, ಭುಜದಿಂದ ನೆಲದವರೆಗಿನ ಉದ್ದ, ಎಲ್ಲ ತೆಗೆದಳು. ಬೇಲಿಯ ಆಚೆ ಬ್ರೆಡ್ಡಿನ ತಟ್ಟೆಗಳನ್ನು ಒಣಹಾಕುತ್ತಿದ್ದ ಬೇಕರಿ ಅಕ್ಕ ಕಣ್ಣರಳಿಸಿ ನಿಂತಳು.

"ಏನೇ ಟೈಲರಮ್ಮ, ಗೂಡಿಗೆ ಅಳತೆ ತಗೋತಿದ್ದೀಯ?"

"ಹೂಂ ಅಕ್ಕ. ಕೋಟು ಹೊಲೀತೀನಿ."

"ಅಯ್ಯೋ ಶಿವನೇ! ನನ್ನ ಜಾಕೀಟು ಕೊಟ್ಟು ತಿಂಗಳಾಯ್ತು, ನಾಳೆ ನಾಳೆ ಅಂತೀಯ. ಕೋಳಿಗಾದ್ರೆ ಅರ್ಜೆಂಟು. ಟ್ರಯಲ್‌ಗೆ ಯಾವತ್ತು ಬಾ ಅಂದಿದ್ದೀಯ ಗೂಡಿಗೆ?"

"ನಿಮ್ಮ ಜಾಕೀಟಿಗೆ ಗುಂಡಿ ಒಂದು ಬಾಕಿ ಅಕ್ಕ."

"ಆ ಗುಂಡಿ ಒಂದನ್ನೇ ನಾನು ಕೇಳಿದ್ದು. ಹೋಗ್ಲಿ ಬಿಡು, ನಿನ್ನ ನಾದಿನಿಯರಿಗೆ ಒಣ ಬ್ರೆಡ್ಡು ಇಟ್ಟಿದ್ದೀನಿ, ತಗೊಂಡು ಹೋಗು."

ವರ್ಷಗಟ್ಟಲೆ ಕೂಡಿಟ್ಟ ತುಂಡುಬಟ್ಟೆಗಳನ್ನೆಲ್ಲ ಸೊಸೆ ಹೊರಗೆ ತೆಗೆದಳು. ಪರದೆಯ ದಪ್ಪ ಬಟ್ಟೆ ಮೇಲಕ್ಕೆ, ಹಳೇ ಕಂಬಳಿಯ ಲೈನಿಂಗು ಒಳಕ್ಕೆ, ನಡುವೆ ಹತ್ತಿ. ಅದರ ಮೇಲೆ ಗಾಳಿ ತಾಗದಂಥ ರೆಕ್ಸಿನ್ನು. ಮೂಲೆಮೂಲೆಗೂ ಜೋಡಿ ಹೊಲಿಗೆ. ಹೊದಿಸಿದರೆ ಕೋಟು ಗೂಡಿನ ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮದುವೆ ಗಂಡಿಗೂ ಅವಳು ಅಷ್ಟು ಅಂದವಾಗಿ ಹೊಲಿದು ಕೊಟ್ಟಿರಲಿಲ್ಲ.

ಉಳಿದದ್ದು ಒಂದು ಕಂಡಿ. ಮಾಡಿನ ಕೆಳಗೆ, ಕೋಳಿಗಳು ಕೂರುವ ಅಡ್ಡಕೋಲಿಗಿಂತ ಎತ್ತರದಲ್ಲಿ, ಹಲಗೆಯನ್ನು ಕೊರೆದು ಮಾಡಿದ್ದ ಅಗಲವಾದ ಕಂಡಿ. ಅತ್ತೆ ಅದಕ್ಕೆ ತಂತಿಬಲೆ ಬಡಿಸಿದ್ದರೇ ಹೊರತು ಯಾವ ಚಳಿಗಾಲದಲ್ಲೂ ಮುಚ್ಚಿದವರಲ್ಲ. ಸೊಸೆ ಅದರ ಮುಂದೆ ಒಂದು ಗಳಿಗೆ ಅನುಮಾನಿಸಿ ನಿಂತಳು. ಪಾಪ, ಅತ್ತೆಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು, ಬಟ್ಟೆಯ ಉಂಡೆ ಮಾಡಿ ತುರುಕಿ, ಅದರ ಮೇಲೂ ಕೋಟು ಎಳೆದಳು.

ಮೊದಮೊದಲು ಏನು ಹೆಮ್ಮೆ! ಬೆಳಿಗ್ಗೆ ಬಾಗಿಲು ತೆಗೆದು ಕೈಯಿಟ್ಟರೆ ಒಳಗೆ ಬೆಚ್ಚಗೆ, ಈಗಷ್ಟೇ ಇಸ್ತ್ರಿ ಹಾಕಿದ ಅಂಗಿಯ ಹಾಗೆ. ಚಳಿರಾಯ ರಾತ್ರಿಯಿಡೀ ಗೂಡು ಸುತ್ತಿ, ಸಂದಿ ಸಿಗದೆ, ಗಡ್ಡ ಸುತ್ತಿಕೊಂಡು ಹೋಗಿರಬೇಕು ಎಂದು ಕಲ್ಪಿಸಿಕೊಂಡು ಒಬ್ಬಳೇ ನಕ್ಕಳು.

ಆಮೇಲೆ ವಾಸನೆ ಶುರುವಾಯಿತು. ಬಾಗಿಲು ತೆಗೆದರೆ ಕಣ್ಣು ಉರಿದು ನೀರು ಬರುವಂಥ ಘಾಟು. ಕೆಳಗೆ ಹಾಸಿದ್ದ ಮರದ ಹೊಟ್ಟು ಕೈಗೆ ತೇವ. ಚಳಿ ಇನ್ನೂ ಬಿಗಿದ ಒಂದು ಬೆಳಿಗ್ಗೆ ನೋಡಿದರೆ ಹಲಗೆಗಳ ಒಳಮೈಗೆ ಬಿಳಿ ಪುಡಿಯಂಥ ಹಿಮ ಹತ್ತಿತ್ತು. ಎಲಾ! ಇಷ್ಟು ಕಟ್ಟಿದರೂ ಚಳಿ ಒಳಗೆ ಬಂತೇ? ಎಲ್ಲೋ ಹೊಲಿಗೆ ಬಿಟ್ಟಿರಬೇಕು ಎಂದು ಹುಡುಕಿದಳು. ಬಿಟ್ಟಿರಲಿಲ್ಲ. ಇರಲಿ ಎಂದು ಇನ್ನೊಂದು ಪದರ ಸೇರಿಸಿ ಹೊಲಿದಳು.

ಯಜಮಾನನ ಜುಟ್ಟಿನ ತುದಿ ಬೂದುಬಣ್ಣವಾಯಿತು, ಆಮೇಲೆ ಕಪ್ಪಗಾಯಿತು. ಅವನು ಕೂಗುವುದನ್ನು ನಿಲ್ಲಿಸಿದ. ಲೋಕಕ್ಕೆ ಬೆಳಗಾಗುವುದೇನೂ ನಿಲ್ಲಲಿಲ್ಲ. ಅದೇ ಅವನ ದುಃಖ ಇರಬಹುದೆನ್ನುವ ಹಾಗೆ ಮೂಲೆಯಲ್ಲಿ ಮುದುಡಿ ನಿಂತಿರುತ್ತಿದ್ದ. ಅದರ ಬೆನ್ನಿಗೇ ಒಂದು ಮಧ್ಯಾಹ್ನ ದೊಡ್ಡ ನಾದಿನಿ ಹೊರಗೇ ಬರಲಿಲ್ಲ. ಎತ್ತಿಕೊಂಡರೆ ಎದೆಯೊಳಗೆ ಗೊರಗೊರ ಸದ್ದು.

ಒಂದು ಸತ್ತರೂ. ಮಾವನ ಆ ಮಾತು ಸೊಸೆಯ ಕಿವಿಯಲ್ಲಿ ಕುಟ್ಟತೊಡಗಿತು. ಬಟ್ಟೆಯ ಬುಟ್ಟಿಯಲ್ಲಿ ಹಳೇ ಶಾಲು ಹಾಸಿ, ಕೋಳಿಯನ್ನು ಅದರಲ್ಲಿಟ್ಟು, ಮೇಲೆ ಅರ್ಧ ಹೊಲಿದ ಪೈಜಾಮ ಮುಚ್ಚಿ, ಕಳ್ಳಹೆಜ್ಜೆಯಲ್ಲಿ ಅಡುಗೆಮನೆಗೆ ತಂದಳು. ಒಲೆಯ ಪಕ್ಕದಲ್ಲಿಟ್ಟು ಬಗ್ಗುವಷ್ಟರಲ್ಲಿ ಪೈಜಾಮದೊಳಗಿಂದ ಗಟ್ಟಿಯಾಗಿ ಕೆಮ್ಮು ಬಂತು.

ಕೋಣೆಯ ಬಾಗಿಲು ತೆರೆದುಕೊಂಡಿತು.

"ಯಾರಮ್ಮ ಕೆಮ್ಮಿದ್ದು?"

ಸುಳ್ಳು ಹೇಳಲು ಅವಳಿಗೆ ನಾಲಿಗೆ ತಿರುಗಲಿಲ್ಲ. "ದೊಡ್ಡ ನಾದಿನಿ, ಮಾವ."

"ನಮ್ಮಕ್ಕ ಯಾವಾಗ ಬಂದ್ಲು?" ಎಂದರು ಮಾವ. ಆಮೇಲೆ ಅವರಿಗೇ ಅರ್ಥವಾಯಿತು. ಹತ್ತಿರ ಬಂದು ಪೈಜಾಮ ಸರಿಸಿದರು. ಕೋಳಿ ಒಂದು ಕಣ್ಣು ತೆರೆದು, ಇವರನ್ನು ನೋಡಿ, ಬೇಸರದಿಂದ ಮುಚ್ಚಿಕೊಂಡಿತು. ಅಕ್ಕನಂತೆಯೇ.

"ಸಾಯಲ್ಲ ಮಾವ. ನಾನು ಬಿಡಲ್ಲ. ಎಲ್ಲಾ ಮಾಡಿದ್ದೀನಿ, ಒಂದು ಸೂಜಿ ಹೋಗೋಷ್ಟೂ ಸಂದಿ ಬಿಟ್ಟಿಲ್ಲ. ಆದ್ರೂ ಚಳಿ ಹೆಂಗೆ ಒಳಗೆ ಬಂತೋ ಗೊತ್ತಿಲ್ಲ."

ಮಾವ ಕೋಳಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು. "ಒಂದು ಸೂಜಿ ಹೋಗೋಷ್ಟೂ ಬಿಟ್ಟಿಲ್ವಾ?"

"ಇಲ್ಲ ಮಾವ."

"ಮೇಲಿನ ಕಂಡಿ?"

"ಅದನ್ನೂ ಮುಚ್ಚಿದ್ದೀನಿ."

ಮಾವ ಗೂಟದಲ್ಲಿದ್ದ ಸ್ವೆಟರ್ ಹಾಕಿಕೊಂಡರು. ಅತ್ತೆ ಹೋದಮೇಲೆ ಮೊದಲ ಸಲ ಹಿತ್ತಿಲ ಬಾಗಿಲು ದಾಟಿದರು. ಅವಳು ಹಿಂದೆಯೇ ಹೋದಳು, ಪರೀಕ್ಷೆಗೆ ಹೋಗುವ ಮಗುವಿನ ಹಾಗೆ.

ಮಾವ ಕೋಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಕೆಲಸ ಅಚ್ಚುಕಟ್ಟಾಗಿದೆ" ಎಂದರು. ಅದು ಹೊಗಳಿಕೆಯೇ, ಆದರೆ ಅವಳಿಗೆ ಅಳು ಬಂತು. ಗೂಡಿನ ಬಾಗಿಲು ತೆಗೆದು ಒಳಗೆ ಬಗ್ಗಿ ಹಲಗೆ ಸವರಿದರು. ಬೆರಳ ತುದಿಯಲ್ಲಿ ನೀರಿನ ಹನಿ ನಿಂತಿತ್ತು. ಅದನ್ನು ಅವಳ ಮುಂದೆ ಹಿಡಿದರು.

"ಇದು ಹೊರಗಿಂದ ಬಂದದ್ದಲ್ಲ. ಇವುಗಳ ಉಸಿರು. ರಾತ್ರಿಯೆಲ್ಲ ಉಸಿರಾಡ್ತವೆ, ಹಿಕ್ಕೆ ಹಾಕ್ತವೆ. ಆ ಹಬೆ ಹೋಗೋದೆಲ್ಲಿಗೆ? ವಾಚಿನ ಗಾಜಿನೊಳಗೆ ಮಂಜು ಕಟ್ಟುತ್ತಲ್ಲ, ಹಂಗೆ. ಜನ ತಂದುಕೊಟ್ಟು, 'ಗಟ್ಟಿಯಾಗಿ ಮುಚ್ಚಿಕೊಡಿ' ಅಂತಾರೆ. ಒಳಗೆ ತೇವ ಇಟ್ಕೊಂಡು ಗಟ್ಟಿಯಾಗಿ ಮುಚ್ಚಿದ್ರೆ ತುಕ್ಕು ಹಿಡೀತದೆ ಅಷ್ಟೇ. ಮೈ ಒಣಗಿದ್ರೆ ಕೋಳಿ ಎಂಥಾ ಚಳೀನೂ ತಡ್ಕೊಳ್ಳುತ್ತೆ, ಗರಿಯ ಕೋಟು ಹುಟ್ಟುತ್ತಲೇ ಬಂದಿರುತ್ತೆ. ಒದ್ದೆ ಆದ್ರೆ ಮಾತ್ರ ತಡ್ಕೊಳ್ಳಲ್ಲ."

ಸೊಸೆ ಕಪ್ಪಾದ ಜುಟ್ಟನ್ನು ನೋಡಿದಳು, ತನ್ನ ಜೋಡಿ ಹೊಲಿಗೆಯನ್ನು ನೋಡಿದಳು. ಚಳಿಯಲ್ಲ, ತಾನೇ. ಪ್ರೀತಿಯಿಂದ ಪದರದ ಮೇಲೆ ಪದರ ಹೊಲಿದು ಉಸಿರು ಕಟ್ಟಿಸಿದವಳು.

"ಅತ್ತೆಯವರ ಕಥೇಲಿ ಚಳಿರಾಯ ಸಂದೀಲಿ ಬರ್ತಾನೆ ಅಂತ ಇತ್ತು" ಎಂದಳು ಮೆಲ್ಲಗೆ. "ಅದಕ್ಕೇ ಮುಚ್ಚಿದೆ."

"ಆ ಕಥೆ ಅಲ್ಲಿಗೇ ಮುಗಿಯಲ್ಲವಲ್ಲಮ್ಮ."

ಅವಳು ತಲೆ ಎತ್ತಿದಳು.

"ಒಳಗೆ ಬಂದ ಚಳಿರಾಯನನ್ನ ಕಂಡು ಮನೆಯವ್ರಿಗೆ ಹೆದರಿಕೆ ಆಯ್ತು. ಇನ್ನೊಬ್ಬ ಬರಬಾರದು ಅಂತ ಇದ್ದಬದ್ದ ಬಾಗಿಲೆಲ್ಲ ಹಾಕಿದ್ರು. ಬಂದವನು ಪಾಪ ಎಲ್ಲಿಗೆ ಹೋಗ್ಬೇಕು? ಮೂಲೇಲಿ ಕೂತು ಅಳೋಕೆ ಶುರು ಮಾಡ್ದ. ಅತ್ತೂ ಅತ್ತೂ ಗೋಡೆಯೆಲ್ಲ ಒದ್ದೆ, ಹಾಸಿಗೆಯೆಲ್ಲ ಒದ್ದೆ, ಮನೆಮಂದಿಗೆಲ್ಲ ಕೆಮ್ಮು. ಕೊನೆಗೆ ಆ ಮನೇ ಮುದುಕಿ ಏಣಿ ಹತ್ತಿ ಒಂದು ಹೆಂಚು ಸರಿಸಿ ಹೇಳಿದ್ಲಂತೆ: 'ನೆಂಟರೇ, ಬಂದದ್ದು ಬಹಳ ಸಂತೋಷ. ದಾರಿ ಅಗೋ ಅಲ್ಲಿದೆ.'"

ಕೊನೆಯ ಮಾತನ್ನು ಹೇಳುವಾಗ ಮಾವನ ದನಿ ಅತ್ತೆಯ ದನಿಯ ಹಾಗೆ ಸ್ವಲ್ಪ ಎಳೆಯಿತು. ಅದು ಅವರಿಗೂ ಕೇಳಿಸಿರಬೇಕು. ಮಾಡಿನ ಕೆಳಗಿನ ಕಂಡಿಯತ್ತ ಕೈ ತೋರಿಸಿದರು.

"ಈ ಕಂಡಿ ಕೊರೆದದ್ದು ನಾನೇ. 'ಚಳೀಲಿ ಗೋಡೆಗೆ ತೂತು ಮಾಡಿಸ್ತಾಳೆ, ತಲೆ ಕೆಟ್ಟಿದೆ' ಅಂತ ಬೈಕೊಂಡು ಕೊರೆದೆ. ಆವತ್ತು ಸಂಜೇನೇ ಈ ಕಥೆ ಹೇಳಿದ್ಲು, ನನಗೆ ಕೇಳೋ ಹಂಗೆ."

"ನೀವು ಕಥೆಗಳನ್ನೆಲ್ಲ ಕೇಳಿಸ್ಕೋತಿದ್ರಾ ಮಾವ?"

"ವಾಚಿನ ಕೆಲಸಕ್ಕೆ ಬೇಕಾಗಿರೋದು ಕಣ್ಣು. ಕಿವಿ ಖಾಲೀನೇ ಇರ್ತಿತ್ತಲ್ಲ. ಗವಾಕ್ಷಿ ತೆರೆದೇ ಇರ್ತಿತ್ತು." ಹೇಳಿ ಕೂಡಲೇ ಗದರಿದರು: "ಕತ್ತರಿ ತಗೊಂಡು ಬಾ. ನಿಂತ್ಕೊಂಡು ಏನು ನೋಡ್ತೀಯ?"

ಇಬ್ಬರೂ ಸೇರಿ ಒದ್ದೆ ಹೊಟ್ಟನ್ನೆಲ್ಲ ಗೋರಿ ತೆಗೆದು ಒಣ ಹೊಟ್ಟು, ಒಣ ಎಲೆ ಹಾಸಿದರು. ಗಾಳಿ ಹೊಡೆಯುವ ಕಡೆ ಮಾತ್ರ ಕೋಟು ಇರಲಿ, ಉಳಿದ ಕಡೆ ರೆಕ್ಸಿನ್ ಬೇಡ ಎಂದು ತೀರ್ಮಾನವಾಯಿತು. ಮೇಲಿನ ಕಂಡಿಯಿಂದ ಬಟ್ಟೆಯ ಉಂಡೆ ಕಿತ್ತಾಗ ಒಳಗಿನ ಹಬೆ ಬುಸ್ಸೆಂದು ಹೊರಬಿದ್ದು ತಣ್ಣನೆಯ ಬಿಸಿಲಲ್ಲಿ ಬೆಳ್ಳಗೆ ಕಂಡಿತು, ಒಂದು ಕ್ಷಣ ಗಡ್ಡದ ಹಾಗೆ. ಕೋಟಿನಲ್ಲಿ ಅಲ್ಲಿಗೆ ಸರಿಯಾಗಿ ಸೊಸೆ ಒಂದು ಸೀಳು ಕತ್ತರಿಸಿದಳು. ಅಷ್ಟಕ್ಕೇ ಬಿಡಲು ಅವಳ ಕೈ ಒಪ್ಪಲಿಲ್ಲ. ಸೂಜಿಗೆ ದಾರ ಪೋಣಿಸಿ, ಅಂಗಿಯ ಗುಂಡಿ ತೂರುವ ತೂತಿಗೆ ಹಾಕುವ ಹಾಗೆ ಸೀಳಿನ ಅಂಚಿಗೆ ಸುತ್ತಲೂ ಒತ್ತೊತ್ತಾಗಿ ಕಾಜಾ ಹಾಕಿದಳು.

"ಇದೊಂದು ಬೇರೆ" ಎಂದರು ಮಾವ.

"ಕೋಟು ಅಂದ್ಮೇಲೆ ಕಾಜಾ ಬೇಡ್ವಾ ಮಾವ?"

ಬೇಲಿಯಾಚೆಯಿಂದ ಬೇಕರಿ ಅಕ್ಕನ ದನಿ ಕೇಳಿತು. "ಗೂಡಿಗೆ ಕಾಜಾ ಆಯ್ತು, ನನ್ನ ಜಾಕೀಟಿನ ಗುಂಡಿ ಮಾತ್ರ ಇನ್ನೂ ಹುಟ್ಟಿಲ್ಲ!" ಮಾವ ನಕ್ಕರು. ಜಾಸ್ತಿಯೇನಲ್ಲ, ಮೂಗಿನಲ್ಲಿ ಒಂದು ಉಸಿರಿನಷ್ಟು.

ಮರುದಿನ ಬೆಳಿಗ್ಗೆ ತಂತಿಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ಅಲ್ಲೊಂದು ಹಳೇ ಟವೆಲ್ಲು ಒಗೆದು ಹರವಿತ್ತು. ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಜಗಲಿಯ ಕಡೆ ತಿರುಗಿ ನೋಡಿದಳು. ಗವಾಕ್ಷಿ ತೆರೆದಿತ್ತು.

ಯಜಮಾನನ ಜುಟ್ಟಿನ ಕಪ್ಪು ತುದಿಗಳು ಒಣಗಿ ಉದುರಿಹೋದವು. ಮೊಂಡು ಕಿರೀಟದಲ್ಲೇ ಮತ್ತೆ ಕೂಗತೊಡಗಿದ, ದನಿ ಕೊಂಚ ಒಡೆದಿತ್ತು. ದೊಡ್ಡ ನಾದಿನಿಯ ಗೊರಗೊರ ಇಳಿಯಿತು. ಆ ಮುದಿ ಹೇಂಟೆ ಹಗಲಿಡೀ ಜಗಲಿಯ ಬಿಸಿಲಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಚಳಿ ಹಿಮ್ಮೆಟ್ಟಿತು. ಬೆಳಗಿನ ಬಟ್ಟಲಲ್ಲಿ ಮಂಜುಗಡ್ಡೆಯ ಬದಲು ಬರೀ ನೀರಿರತೊಡಗಿತು. ಗೆದ್ದೆ ಎಂದು ಸೊಸೆ ಅಂದುಕೊಳ್ಳುತ್ತಿದ್ದ ಹೊತ್ತಿಗೆ, ಒಂದು ಬೆಳಿಗ್ಗೆ ಗೂಡು ತೆರೆದರೆ, ದೊಡ್ಡ ನಾದಿನಿ ಒಣ ಎಲೆಗಳ ಮೇಲೆ ಕತ್ತನ್ನು ರೆಕ್ಕೆಯಡಿ ಇಟ್ಟು ತಣ್ಣಗಾಗಿದ್ದಳು.

ಹೊಟ್ಟು ಒಣಗಿತ್ತು, ಹಲಗೆ ಒಣಗಿತ್ತು. ಅಕ್ಕಪಕ್ಕದವು ಆರೋಗ್ಯವಾಗಿ ಜಗಳವಾಡುತ್ತಿದ್ದವು.

ಅವಳು ಬಚ್ಚಿಡಲಿಲ್ಲ. ಶಾಲಿನಲ್ಲಿ ಸುತ್ತಿಕೊಂಡು ಮಾವನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಮಾವ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದರು.

"ನೀವು ಹೇಳಿದ್ದು ನೆನಪಿದೆ ಮಾವ."

"ಏನು ಹೇಳಿದ್ದೆ?"

"ಒಂದು ಸತ್ತರೂ ಉಳಿದವನ್ನ..."

ಮಾವ ಎದ್ದು ಬಂದು ಶಾಲಿನ ಅಂಚು ಸರಿಸಿ ನೋಡಿದರು. ಬೂದು ಗರಿಗಳನ್ನು ಒಂದೇ ದಿಕ್ಕಿಗೆ ನೇವರಿಸಿ ಸರಿಮಾಡಿದರು. ಇನ್ನೊಂದು ಸಾವು ನೋಡಲಾರೆ ಎಂದವರು, ಕಣ್ಣು ತಪ್ಪಿಸದೆ ನೋಡಿದರು.

"ಚಳಿಗೆ ಸತ್ತರೆ ಅಂದಿದ್ದೆ" ಎಂದರು ಕೊನೆಗೆ. "ಇದು ಚಳಿಗೆ ಸತ್ತಿದ್ದಲ್ಲ. ವಯಸ್ಸಾಗಿತ್ತು, ಹೋದ್ಲು."

ಅವರು ಚಳಿಯ ಷರತ್ತು ಹಾಕಿರಲಿಲ್ಲ ಎಂದು ಸೊಸೆಗೆ ಚೆನ್ನಾಗಿ ನೆನಪಿತ್ತು. ನೆನಪಿಸಲು ಹೋಗಲಿಲ್ಲ.

ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಿದ್ದು ಮಾವನೇ. ಮಣ್ಣು ಮುಚ್ಚಿ, ಕೈ ಕೊಡವಿಕೊಳ್ಳುತ್ತಾ ಎಂದರು: "ನಮ್ಮಕ್ಕ ಫೋನ್ ಮಾಡಿದ್ರೆ ಮಾತ್ರ, ದೊಡ್ಡ ನಾದಿನಿ ಹೋದ್ಲು ಅಂತ ಬಾಯಿ ತಪ್ಪಿ ಹೇಳ್ಬಿಡ್ಬೇಡಮ್ಮ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಸಂಜೆ ಅವಳು ಜಗಲಿಯಲ್ಲಿ ಬೇಕರಿ ಅಕ್ಕನ ಜಾಕೀಟು ಮುಂದಿಟ್ಟುಕೊಂಡು ಕೂತಿದ್ದಳು. ಗುಂಡಿ ಹಚ್ಚಿಯಾಗಿತ್ತು, ಅಕ್ಕ ಕೇಳದಿದ್ದರೂ ಅಂಚು ಬಿಟ್ಟಿದ್ದ ತೋಳೊಂದನ್ನೂ ಮಡಿಸಿ ಹೊಲಿಯುತ್ತಿದ್ದಳು. ಮೆಷಿನ್ ಗಡಗಡ ಎನ್ನುತ್ತಿತ್ತು. ಮಾವ ಜೋಳದ ಡಬ್ಬಿ ಹಿಡಿದು ಹೊರಗೆ ಬಂದರು. ಅತ್ತೆ ಕೂರುತ್ತಿದ್ದ ಮೆಟ್ಟಿಲನ್ನು ಬಿಟ್ಟು ಅದರ ಕೆಳಗಿನದರಲ್ಲಿ ಕೂತು, "ಬೋ ಬೋ ಬೋ" ಎಂದು ಕರೆದರು. ಅಭ್ಯಾಸವಿಲ್ಲದ ಗಂಟಲು. ಯಜಮಾನ ಕತ್ತು ಓರೆ ಮಾಡಿ ಈ ಇನ್ನೊಬ್ಬ ಯಜಮಾನನನ್ನು ಬಹಳ ಹೊತ್ತು ತೂಗಿ ನೋಡಿದ. ಚಿಕ್ಕ ನಾದಿನಿ ಮಾತ್ರ ನೆಂಟಸ್ತಿಕೆ ನೋಡದೆ ನೇರ ಕಾಳಿಗೆ ಬಂದಳು. ಅವಳ ಹಿಂದೆ ಒಂದೊಂದಾಗಿ ಉಳಿದವು.

ಜೋಳ ಎರಚುತ್ತಾ, ಯಾರಿಗೆ ಕೇಳುತ್ತಿದ್ದಾರೆಂದು ತಿಳಿಯದ ಹಾಗೆ ಮಾವ ಕೇಳಿದರು: "ಆ ಬಾವಿಗೆ ಬಿದ್ದ ಚಂದ್ರನ ಕಥೆ. ಅದು ನಿನಗೆ ಎಲ್ಲೀವರೆಗೆ ಗೊತ್ತು?"

"ಹಗ್ಗ ಇಳಿಬಿಡೋವರೆಗೆ ಮಾವ. ಮಿಕ್ಕಿದ್ದು ಮೆಷಿನ್ನಿಗೆ ಹೋಯ್ತು."

"ಹಗ್ಗ ಗಿಡ್ಡ ಆಯ್ತು ನೋಡು" ಎಂದು ಮಾವ ಶುರು ಮಾಡಿದರು.

ಅವಳು ಪೆಡಲಿನ ಮೇಲಿಂದ ಕಾಲು ತೆಗೆದಳು.